ಸಕ್ಕರೆ ಹತೋಟಿಗೆ ಬಂದಿದೆ, ಮಾತ್ರೆ ಬಿಡಬಹುದೇ?

ಪ್ರಶ್ನೆ: ನನಗೆ 58 ವರ್ಷ. ಎಂಟು ವರ್ಷಗಳಿಂದ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಮಾತ್ರೆ ನುಂಗುತ್ತಿದ್ದೇನೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (HbA1c) 6.4 ಬಂದಿದೆ. ಮಾತ್ರೆಯಿಂದ ಕಿಡ್ನಿ ಹಾಳಾಗುತ್ತದೆ ಎನ್ನುತ್ತಾರೆ. ಇದನ್ನು ಬಿಟ್ಟು ಗಿಡಮೂಲಿಕೆ ಪುಡಿ ತೆಗೆದುಕೊಳ್ಳಬಹುದೇ? (ಸಕಲೇಶಪುರ)

ಉತ್ತರ: ಬೇಡ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಪ್ರತಿ ತಿಂಗಳೂ ಬರುತ್ತಿರುವುದರಿಂದ ಈ ಬಾರಿ ವಿವರವಾಗಿಯೇ ಬರೆಯುತ್ತೇನೆ. 6.4 ಎಂಬುದು ಮಾತ್ರೆ ನುಂಗುತ್ತಿರುವಾಗಿನ ಅಂಕಿಯೇ ಹೊರತು ಕಾಯಿಲೆ ಹೋಯಿತೆಂಬುದರ ಗುರುತಲ್ಲ.

ನಾವು ಮಲಗಿರುವಾಗಲೂ ಯಕೃತ್ತು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಅದು ಮಿತಿ ಮೀರುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಅದು ಕಿಡ್ನಿಯನ್ನು ಕೆಡಿಸುವುದಿಲ್ಲ. ದೇಹದಿಂದ ಅದು ಹೊರಹೋಗುವುದು ಕಿಡ್ನಿಯ ಮೂಲಕವಾದ್ದರಿಂದ, ಕಿಡ್ನಿ ಈಗಾಗಲೇ ಸೋತವರಿಗೆ ನಾವು ಪ್ರಮಾಣ ಇಳಿಸುತ್ತೇವೆ ಅಥವಾ ನಿಲ್ಲಿಸುತ್ತೇವೆ. ಅದನ್ನು ಕಂಡ ಮನೆಯವರು ಮಾತ್ರೆಯೇ ಕಿಡ್ನಿ ಕೆಡಿಸಿತೆಂದು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಕೆಡಿಸುವುದು ಹತೋಟಿ ತಪ್ಪಿದ ಸಕ್ಕರೆ ಮತ್ತು ರಕ್ತದೊತ್ತಡ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು, ಅದನ್ನು ಪರೀಕ್ಷಿಸಿಕೊಳ್ಳಿ.

ನಾನು ಹೆದರುವುದು ಗ್ಲಿಮೆಪಿರೈಡ್‌ಗೆ. ಅದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿರುವ ಪೊಟ್ಯಾಸಿಯಂ ಬಾಗಿಲುಗಳನ್ನು ಮುಚ್ಚಿ ಇನ್ಸುಲಿನ್ ಹೊರಬರುವಂತೆ ಮಾಡುತ್ತದೆ, ಹೊಟ್ಟೆಗೆ ಅನ್ನ ಬಿದ್ದಿರಲಿ ಬಿಡಲಿ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದಿಂದ ಒಬ್ಬ ತಾಯಿಯನ್ನು ನನ್ನ ಬಳಿ ಕರೆತಂದಿದ್ದರು. ಬೆಳಗ್ಗೆ ಮಾತ್ರೆ ನುಂಗಿ, ಬುತ್ತಿ ಬಿಚ್ಚದೆ ಹನ್ನೊಂದರವರೆಗೆ ಹಣ್ಣು ಕೊಯ್ದಿದ್ದರು. ಸೀರೆ ಬೆವರಿನಲ್ಲಿ ತೊಯ್ದಿತ್ತು, ಮಾತು ತೊದಲುತ್ತಿತ್ತು, ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಹಣ್ಣು ಹಾಗೆಯೇ ಇತ್ತು, ಸಕ್ಕರೆ 41ಕ್ಕೆ ಕುಸಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡರೂ ಮರುದಿನದವರೆಗೆ ಮನೆಗೆ ಕಳಿಸಲಿಲ್ಲ, ಏಕೆಂದರೆ ಈ ಔಷಧದ ಪ್ರಭಾವ ದಿನವಿಡೀ ಉಳಿದು ಸಕ್ಕರೆ ಮತ್ತೆ ಕುಸಿಯಬಹುದು. ಕೈ ನಡುಗಿ ಬೆವರು ಕಿತ್ತುಕೊಂಡರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ. 6.4 ಬಂದಿರುವ ನೀವು ಗ್ಲಿಮೆಪಿರೈಡ್ ಪ್ರಮಾಣ ಇಳಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅದು ನ್ಯಾಯವಾದ ಪ್ರಶ್ನೆ.

ಇನ್ನು ಪುಡಿ. ಹದಿನೈದೇ ದಿನದಲ್ಲಿ ಸಕ್ಕರೆ ಇಳಿಸುವ ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂತಹ, ಗ್ಲಿಮೆಪಿರೈಡ್ ಗುಂಪಿನದೇ ಔಷಧವನ್ನು ಬೆರೆಸಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಎಷ್ಟು ಬೆರೆತಿದೆಯೆಂದು ನುಂಗುವವರಿಗೆ ತಿಳಿಯುವ ದಾರಿಯೇ ಇಲ್ಲ. ಇದನ್ನು ಮಾರುವವರು ಜನರ ಪ್ರಾಣದೊಂದಿಗೆ ಆಡುತ್ತಿದ್ದಾರೆ.

ಪ್ರಶ್ನೆ: ರಾಗಿ ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲವಂತೆ, ನಿಜವೇ? (ಅರಕಲಗೂಡು)

ಉತ್ತರ: ಸುಳ್ಳು. ರಾಗಿಯೂ ಪಿಷ್ಟವೇ.

ಪ್ರಶ್ನೆ: ನಿದ್ರೆಗೆಂದು ಐದು ವರ್ಷಗಳಿಂದ ಆಲ್ಪ್ರಜೋಲಾಮ್ ನುಂಗುತ್ತಿದ್ದೇನೆ. ನಾಳೆಯಿಂದಲೇ ನಿಲ್ಲಿಸಲೇ? (ಬೇಲೂರು)

ಉತ್ತರ: ಒಂದೇ ಸಲ ನಿಲ್ಲಿಸಲೇಬೇಡಿ. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಈ ಮಾತ್ರೆ ಹೆಚ್ಚಿಸುತ್ತದೆ, ಮಿದುಳು ಅದಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರ ಕಣ್ಗಾವಲಿನಲ್ಲಿ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವೇ ಇಳಿಸಬೇಕು. ಚೀಟಿಯಿಲ್ಲದೆ ಇದನ್ನು ಕೊಡುವುದು ಕಾನೂನುಬಾಹಿರ.

ಪ್ರಶ್ನೆ: ಸೊಂಟ ಹಿಡಿದುಕೊಂಡಾಗ ಟೈಜಾನಿಡಿನ್ ನುಂಗಿ ಶಿರಾಡಿ ಘಾಟಿಯಲ್ಲಿ ಬೈಕ್ ಓಡಿಸಬಹುದೇ? (ಹಾಸನ)

ಉತ್ತರ: ಕೂಡದು. ಅದು ಸ್ನಾಯುವನ್ನು ನೇರವಾಗಿ ಸಡಿಲಿಸುವುದಿಲ್ಲ, ಬೆನ್ನುಹುರಿ ಮತ್ತು ಮಿದುಳಿನಲ್ಲಿ ಕೆಲಸ ಮಾಡುತ್ತದೆ. ತೂಕಡಿಕೆ ಬರುವುದು ಅದಕ್ಕೇ. ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವಾಗ ಇದನ್ನು ಮುಟ್ಟಲೇಬೇಡಿ, ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ.