ಗ್ಯಾಲರಿ ನೋಡಿ ಕೋರ್ಟ್ ಒಪ್ಪಬೇಡಿ: ಮಹಿಳಾ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಆತಿಥ್ಯದ ಬಗ್ಗೆ

ಮೇಡಂ, ನಿಮ್ಮ ಕಾಲೇಜು ಆತಿಥ್ಯ ವಹಿಸುವ ಟೂರ್ನಿಗೆ ಜಾಗ ಗೊತ್ತು ಮಾಡಿದ ಬಗ್ಗೆ ನೀವು ಹಾಕಿದ ಪೋಸ್ಟ್ ನೋಡಿದೆ. 16 ಕಾಲೇಜು, ಮಹಿಳಾ ವಿಭಾಗ, ನಾಕೌಟ್ ಕಮ್ ಲೀಗ್. ಎರಡು ಸಾವಿರ ಜನ ಕೂರುವ ಗ್ಯಾಲರಿ ಇದೆ ಅಂತ ಒಳಾಂಗಣ ಕ್ರೀಡಾಂಗಣ, ತಂಡಗಳು ತಂಗಲು 18 ಕಿಲೋಮೀಟರ್ ದೂರದ ಕಲ್ಯಾಣ ಮಂಟಪ. ತಂಡಗಳಿಗೆ ಸರ್ಕ್ಯುಲರ್ ಇನ್ನೂ ಹೋಗಿಲ್ಲ ಅಂದಿದ್ದೀರಲ್ಲ, ಹಾಗಾದರೆ ಎರಡನ್ನೂ ಇನ್ನೊಮ್ಮೆ ಯೋಚಿಸಿ. ಪ್ರತಿ ಸೀಸನ್‌ನಲ್ಲೂ ಯಾರಾದರೊಬ್ಬರು ಹೀಗೆ ಸೀಟು ಎಣಿಸಿ ಜಾಗ ಗೊತ್ತು ಮಾಡುತ್ತಾರೆ, ಮೊದಲ ದಿನ ಬೆಳಗ್ಗೆ ತಂಡಗಳ ಮ್ಯಾನೇಜರುಗಳು ಪ್ರೊಟೆಸ್ಟ್ ಹಿಡಿದು ಟೇಬಲ್ ಮುಂದೆ ನಿಂತಿರುತ್ತಾರೆ.

ಮೊದಲು ಕೋರ್ಟ್ ಅಳೆಯಿರಿ. ಕ್ರೀಡಾಂಗಣದವರು ಕೊಟ್ಟ ಬ್ರೋಷರ್ ನಂಬಬೇಡಿ, ಅಲ್ಲಿನ ಕೇರ್‌ಟೇಕರ್ 'ಸ್ಟ್ಯಾಂಡರ್ಡ್ ಸೈಜ್ ಸರ್' ಅಂದರೂ ನಂಬಬೇಡಿ. 30 ಮೀಟರಿನ ಟೇಪು (ಬಟ್ಟೆಯದ್ದು ಬೇಡ, ಎಳೆದರೆ ಹಿಗ್ಗುತ್ತದೆ, ಫೈಬರ್ ಅಥವಾ ಸ್ಟೀಲ್ ಇರಲಿ), ಸೀಮೆಸುಣ್ಣ, ದಾರ, ಗಾರೆಯವರ ತೂಕದ ಗುಂಡು, ಜೊತೆಗೊಬ್ಬರು. ಇಷ್ಟಿದ್ದರೆ ಮುಕ್ಕಾಲು ಗಂಟೆಯ ಕೆಲಸ. ಉದ್ದ 28 ಮೀಟರ್, ಅಗಲ 15 ಎಲ್ಲರೂ ನೋಡುತ್ತಾರೆ, ಕರ್ಣ ಯಾರೂ ನೋಡುವುದಿಲ್ಲ. ಅರ್ಧ ಅರ್ಧ ಕೋರ್ಟಿಗೆ ಟೇಪು ಎಳೆಯಿರಿ: 14 ಮತ್ತು 15ಕ್ಕೆ ಕರ್ಣ 20.52 ಮೀಟರ್ ಬರಬೇಕು, ನಾಲ್ಕೂ ಕಡೆ. ಬರದಿದ್ದರೆ ಕೋರ್ಟ್ ಓರೆಯಾಗಿದೆ, ಮಿಕ್ಕ ಲೈನುಗಳೂ ಓರೆ.

ಆಮೇಲೆ ಥ್ರೀ ಪಾಯಿಂಟ್ ಲೈನ್, ಅಂದರೆ ಅದರಾಚೆಯಿಂದ ಹಾಕಿದ ಬಾಸ್ಕೆಟ್‌ಗೆ ಮೂರು ಅಂಕ ಸಿಗುವ ಗೆರೆ. ಎಲ್ಲಾ ಕಡೆ ಕೆಡುವುದು ಇದೇ. ರಿಂಗಿಗೆ ಅಡ್ಡಡ್ಡ ಎರಡು ದಾರ ಕಟ್ಟಿ, ಅವು ಕೂಡುವ ಜಾಗದಿಂದ ಗುಂಡು ಇಳಿಬಿಡಿ. ಗುಂಡು ಮುಟ್ಟಿದಲ್ಲಿ ಗುರುತು ಹಾಕಿ. ಆ ಗುರುತು ಎಂಡ್ ಲೈನಿನ (ರಿಂಗಿನ ಹಿಂದಿನ ಗೆರೆ) ಒಳ ಅಂಚಿನಿಂದ 1.575 ಮೀಟರ್ ಇರಬೇಕು. ಇಲ್ಲದಿದ್ದರೆ ಪೋಲ್ ಸರಿದಿದೆ ಅಂತ ಅರ್ಥ. ಚಕ್ರವಿರುವ ಪೋಲ್ ಆದರೆ ಸರಿಪಡಿಸಬಹುದು, ಕಾಂಕ್ರೀಟಿನಲ್ಲಿ ಹೂತದ್ದಾದರೆ ಆ ಕೋರ್ಟ್ ಬಿಡಿ. ಗುರುತಿನಿಂದ ಆರ್ಕಿನ, ಅಂದರೆ ಥ್ರೀ ಪಾಯಿಂಟ್ ಲೈನಿನ ಬಾಗಿದ ಭಾಗದ, ಹೊರ ಅಂಚಿಗೆ 6.75 ಮೀಟರ್. ರಿಂಗಿನ ನೇರ ಎದುರಿಗೆ ಒಂದು, ಎರಡೂ ಪಕ್ಕ 45 ಡಿಗ್ರಿಯಲ್ಲಿ ಒಂದೊಂದು ಕಡೆ ಅಳೆಯಿರಿ. ಮೂಲೆಯಲ್ಲಿ 6.75 ಬರುವುದಿಲ್ಲ, ಬರಲೂಬಾರದು: ಅಲ್ಲಿ ಲೈನು ನೇರ, ಸೈಡ್ ಲೈನಿನಿಂದ 90 ಸೆಂಟಿಮೀಟರ್ ಒಳಗೆ, ಎಂಡ್ ಲೈನಿನಿಂದ 2.99 ಮೀಟರ್ ತನಕ. ಪೇಂಟರ್ ಒಂದೇ ಹಗ್ಗ ಹಿಡಿದು ಸುತ್ತಿಸಿಬಿಟ್ಟಿದ್ದರೆ ಮೂಲೆಯಲ್ಲಿ ಶೂಟರಿಗೆ ಕಾಲಿಡಲು ಜಾಗ ಸಾಲುವುದಿಲ್ಲ. ಇಷ್ಟೂ ಅಳತೆಯನ್ನು ಎರಡೂ ತುದಿಯಲ್ಲಿ ಮಾಡಿ. ಒಂದು ತುದಿ ಸರಿ ಇದ್ದರೆ ಇನ್ನೊಂದೂ ಸರಿ ಇರುತ್ತದೆ ಅನ್ನುವುದು ಶುದ್ಧ ಸುಳ್ಳು.

ಇದನ್ನು ಅತಿ ಅಂದುಕೊಳ್ಳುವವರಿಗೆ ಪೋರ್ಟ್‌ಲ್ಯಾಂಡ್ ನೆನಪಿಸುತ್ತೇನೆ. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮಹಿಳಾ ಟೂರ್ನಿ, 2024ರ ಮಾರ್ಚ್ 31, ಮೋಡಾ ಸೆಂಟರ್, ಟೆಕ್ಸಸ್ ಮತ್ತು ಎನ್‌ಸಿ ಸ್ಟೇಟ್ ನಡುವೆ ಫೈನಲ್ ಫೋರ್‌ಗೆ (ಸೆಮಿಫೈನಲ್‌ಗೆ) ಹೋಗುವ ಪಂದ್ಯ. ಆಟ ಶುರುವಾಗುವ ಹೊತ್ತಿಗೆ ಗೊತ್ತಾಯಿತು, ಎರಡು ತುದಿಯ ಥ್ರೀ ಪಾಯಿಂಟ್ ಲೈನ್ ಒಂದೇ ದೂರದಲ್ಲಿಲ್ಲ ಅಂತ. ಒಂದು ಕಡೆ ಆರ್ಕಿನ ಮೇಲ್ಭಾಗದಲ್ಲಿ ಸುಮಾರು 9 ಇಂಚು ಕಡಿಮೆ. ಅದೇ ಫ್ಲೋರಿನ ಮೇಲೆ ಅದಾಗಲೇ ನಾಲ್ಕು ಪಂದ್ಯ ಮುಗಿದಿದ್ದವು! ಸರಿಪಡಿಸಲು ಕಾಯಬೇಕಾಗುತ್ತದೆ ಅಂತ ಇಬ್ಬರೂ ಕೋಚುಗಳು ಹಾಗೇ ಆಡಲು ಒಪ್ಪಿದರು, ಲೈನನ್ನು ಮುಂದಿನ ಪಂದ್ಯಕ್ಕೆ ಮೊದಲು ತಿದ್ದಿದರು. ಅಷ್ಟು ದುಡ್ಡು, ಅಷ್ಟು ಸಿಬ್ಬಂದಿ, ಟಿವಿ ಕ್ಯಾಮೆರಾ ಇದ್ದ ಕಡೆಯೇ ಹೀಗಾಯಿತು. ನಮ್ಮಲ್ಲಿ ಇನ್ನೊಂದು ತೊಡಕಿದೆ. 2010ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 6.25 ಇದ್ದ ಲೈನನ್ನು 6.75ಕ್ಕೆ ಸರಿಸಿ, ರಿಂಗಿನ ಮುಂದಿನ ಡಿ ಜಾಗದ ಟ್ರೆಪೀಜಿಯಂ ತೆಗೆದು 4.9 ಮೀಟರ್ ಅಗಲದ ಆಯತ ಮಾಡಿತು. ಎಷ್ಟೋ ಕ್ಯಾಂಪಸ್ಸುಗಳಲ್ಲಿ ಹಳೆಯದರ ಮೇಲೇ ಹೊಸ ಲೈನ್ ಎಳೆದಿದ್ದಾರೆ, ಎರಡೂ ಬಿಳಿ. ಕೊನೇ ನಿಮಿಷದಲ್ಲಿ ಎರಡೋ ಮೂರೋ ಅಂತ ರೆಫರಿ ಏನು ನೋಡಿ ಹೇಳಬೇಕು? ಹಳೇ ಲೈನನ್ನು ಫ್ಲೋರಿನ ಬಣ್ಣದಲ್ಲೇ ಮುಚ್ಚಿಸಿ. ಸಿಂಥೆಟಿಕ್ ಅಥವಾ ಮರದ ಫ್ಲೋರಾದರೆ 5 ಸೆಂಟಿಮೀಟರಿನ ಫ್ಲೋರ್ ಮಾರ್ಕಿಂಗ್ ಟೇಪ್ ಹಾಕಿ. ಕಂದು ಪ್ಯಾಕಿಂಗ್ ಟೇಪ್ ಮಾತ್ರ ಬೇಡ, ಅಂಟು ಉಳಿದು ಶೂ ಹಿಡಿಯುತ್ತದೆ. ಸುಣ್ಣದ ಪುಡಿಯಂತೂ ಬೇಡವೇ ಬೇಡ, ಎರಡನೇ ಕ್ವಾರ್ಟರಿಗೆ ಲೈನೂ ಇರುವುದಿಲ್ಲ, ಜಾರುವುದು ಬೇರೆ.

ನೀವು ಹೇಳಿದ ಕ್ರೀಡಾಂಗಣದ ಫೋಟೊದಲ್ಲಿ ಬ್ಯಾಡ್ಮಿಂಟನ್ ಮ್ಯಾಟ್ ಹಾಸಿದ್ದು ಕಾಣುತ್ತದೆ. ಅದರ ಮೇಲೆ ಆಡಿಸಬೇಡಿ. ಓಡಿ ಬಂದು ತಟ್ಟನೆ ನಿಂತಾಗ ಮ್ಯಾಟಿನ ಜೋಡಣೆ ಸರಿಯುತ್ತದೆ, ಪಾದ ಅಲ್ಲೇ ಹಿಡಿದು ಮೊಣಕಾಲು ತಿರುಗುತ್ತದೆ. ಎಸಿಎಲ್ (ಮೊಣಕಾಲಿನ ಒಳಗಿನ ಒಂದು ಮುಖ್ಯ ಅಸ್ಥಿರಜ್ಜು) ಹರಿಯುವ ಸಾಧ್ಯತೆ ಹುಡುಗಿಯರಲ್ಲಿ ಮೊದಲೇ ಹೆಚ್ಚು. ಮ್ಯಾಟ್ ಸುತ್ತಿಟ್ಟು ಕೆಳಗಿನ ಫ್ಲೋರ್ ನೋಡಿ. ಲೈನಿನ ಆಚೆ ಸುತ್ತಲೂ 2 ಮೀಟರ್ ಖಾಲಿ ಇರಬೇಕು. ನಿಮ್ಮ ಗ್ಯಾಲರಿಯ ಮೊದಲ ಮೆಟ್ಟಿಲು ಆ 2 ಮೀಟರಿನೊಳಗೇ ಇರುವ ಹಾಗಿದೆ. ಪೋಲಿಗೆ ಪ್ಯಾಡಿಂಗ್ ಇಲ್ಲದಿದ್ದರೆ ಹಳೇ ಹಾಸಿಗೆಯನ್ನಾದರೂ ಸುತ್ತಿ ಹಗ್ಗ ಬಿಗಿಯಿರಿ, 2 ಮೀಟರ್ ಎತ್ತರಕ್ಕೂ ಸ್ವಲ್ಪ ಮೇಲಕ್ಕೆ.

ದೀಪ ಯಾವ ಜಾತಿಯದ್ದು ಕೇಳಿ. ಮೆಟಲ್ ಹಾಲೈಡ್ ಆದರೆ ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಮತ್ತೆ ಪೂರ್ತಿ ಹತ್ತಿಕೊಳ್ಳಲು ಹತ್ತು ನಿಮಿಷ ಬೇಕು, ಜನರೇಟರ್ ಇದ್ದರೂ ಅಷ್ಟೇ. ಆಟಗಾರ್ತಿಯರ ಮೈ ಅಷ್ಟರಲ್ಲಿ ತಣ್ಣಗಾಗುತ್ತದೆ. ಎಲ್‌ಇಡಿ ಇದ್ದರೆ ಈ ತಾಪತ್ರಯ ಇಲ್ಲ. ಸ್ಕೋರ್‌ಬೋರ್ಡ್ ಮತ್ತು 24 ಸೆಕೆಂಡ್ ಕ್ಲಾಕಿಗೆ (ಶಾಟ್ ಹಾಕಲು ತಂಡಕ್ಕೆ ಉಳಿದ ಸಮಯ ತೋರಿಸುವುದು) ಪ್ರತ್ಯೇಕ ಯುಪಿಎಸ್ ಇಡಿ.

ಈಗ ತಂಗುವ ವಿಷಯ. ತಂಡಕ್ಕೆ 12 ಹುಡುಗಿಯರು, ಕೋಚ್, ಮ್ಯಾನೇಜರ್: 14. ಹದಿನಾರು ತಂಡಕ್ಕೆ 224 ಜನ, ಮೊದಲ ರಾತ್ರಿ ಅಷ್ಟೂ ಜನ ಅಲ್ಲೇ. ಕಲ್ಯಾಣ ಮಂಟಪದಲ್ಲಿ ಊಟದ ಹಾಲ್ ಪಕ್ಕ ಎಷ್ಟು ಶೌಚಾಲಯ ಇವೆ, ಒಳಚಿಲಕ ಇದೆಯೇ, ಬೆಳಗ್ಗೆ 5ಕ್ಕೆ ನೀರು ಬರುತ್ತದೆಯೇ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ, ನೀವೇ ಹೋಗಿ ನೋಡಿ, ಅಟೆಂಡರನ್ನು ಕಳಿಸಬೇಡಿ. ದೂರವಂತೂ ಒಪ್ಪುವ ಮಾತೇ ಅಲ್ಲ. ಮೇಲೆ ಹೇಳಿದ 2024ರ ಟೂರ್ನಿಯಲ್ಲೇ ಸ್ಪೊಕೇನ್ ಎಂಬ ಊರಿನಲ್ಲಿ ಗೊನ್ಜಾಗಾ ವಿಶ್ವವಿದ್ಯಾಲಯದ ಆತಿಥ್ಯ. ಅದೇ ವಾರ ಊರಿನಲ್ಲಿ ಪುರುಷರ ಪಂದ್ಯಗಳು, ಜೊತೆಗೆ ಮಕ್ಕಳ ವಾಲಿಬಾಲ್ ಟೂರ್ನಿ, ಹೋಟೆಲ್ ಸಿಗಲಿಲ್ಲ. ಯೂಟಾ ತಂಡವನ್ನು 50 ಕಿಲೋಮೀಟರ್ ಆಚೆ, ಐಡಾಹೊ ರಾಜ್ಯದ ಊರಿನಲ್ಲಿ ಇಳಿಸಿದರು. ಸಂಜೆ ಊಟಕ್ಕೆ ಹೊರಟ ತಂಡದವರನ್ನು ದಾರಿಯಲ್ಲಿ ಜನಾಂಗೀಯವಾಗಿ ನಿಂದಿಸಿದರು, ಕೊನೆಗೆ ತಂಡವನ್ನೇ ಬೇರೆ ಕಡೆ ಸಾಗಿಸಬೇಕಾಯಿತು. ಜಾಗ ಗೊತ್ತು ಮಾಡುವವರು ಆ ವಾರ ಊರಿನಲ್ಲಿ ಇನ್ನೇನಿದೆ ಅಂತ ಮೊದಲು ನೋಡಬೇಕು: ಜಾತ್ರೆ, ಮದುವೆ ಮುಹೂರ್ತ, ಯಾವುದಾದರೂ ಪರೀಕ್ಷೆ. ನಿಮ್ಮದೇ ಕಾಲೇಜಿನ ಲೇಡೀಸ್ ಹಾಸ್ಟೆಲ್ ಇದ್ದರೆ ರಜೆ ನೋಡಿ ದಿನಾಂಕ ಹಾಕಿ. ಕೋರ್ಟಿಗೆ ನಡೆದು ಬರುವ ಹಾಸ್ಟೆಲ್ ಗ್ಯಾಲರಿಗಿಂತ ನೂರು ಪಾಲು ಮೇಲು.

ಒಂದೇ ಕೋರ್ಟ್ ಸಾಕೇ ಅಂತಲೂ ಲೆಕ್ಕ ಹಾಕಿ. 16ರಿಂದ ನಾಲ್ಕಕ್ಕೆ ಇಳಿಯಲು 12 ಪಂದ್ಯ, ನಾಲ್ಕರ ಲೀಗಿಗೆ 6, ಒಟ್ಟು 18. ವಾರ್ಮಪ್ ಸೇರಿ ಪಂದ್ಯಕ್ಕೆ ಒಂದೂಮುಕ್ಕಾಲು ಗಂಟೆ ಇಡಿ. ದಿನಕ್ಕೆ ಆರರಂತೆ ಮೂರು ದಿನ, ಬೆಳಗ್ಗೆ 7ಕ್ಕೆ ಶುರುಮಾಡಿದರೆ ಸಂಜೆ ಐದೂವರೆ. ನಿಮ್ಮ ಕ್ಯಾಂಪಸ್ಸಿನಲ್ಲಿ ಅಕ್ಕಪಕ್ಕ ಎರಡು ಹೊರಾಂಗಣ ಕೋರ್ಟ್ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಆದರೆ ಕರಾವಳಿಯಲ್ಲಿ ಸೆಪ್ಟೆಂಬರ್ ತನಕ, ಬೆಂಗಳೂರು ಕಡೆ ಅಕ್ಟೋಬರಿನಲ್ಲೂ ಮಳೆ ಬರುತ್ತದೆ, ಒಳಾಂಗಣ ಒಂದನ್ನು ಬದಲಿಗೆ ಬರೆಸಿಟ್ಟಿರಿ. ಇಬ್ಬನಿ ಬೀಳುವ ಕಡೆ ಬೆಳಗಿನ ಮೊದಲ ಪಂದ್ಯ 8ಕ್ಕೆ ಮೊದಲು ಬೇಡ.

ತವರು ಕೋರ್ಟಿನ ತಕರಾರು ಬಂದೇ ಬರುತ್ತದೆ. ಎನ್‌ಸಿಎಎಯಲ್ಲಿ ಮೊದಲೆರಡು ಸುತ್ತು ಅಗ್ರ 16 ಶ್ರೇಯಾಂಕದ ತಂಡಗಳ ಮನೆಯಲ್ಲೇ, ಅದು ಸೀಸನ್ ಪೂರ್ತಿ ಆಡಿ ಗಳಿಸಿದ ಹಕ್ಕು. ಆಮೇಲಿನ ಸುತ್ತಿಗೆ ತಟಸ್ಥ ಅಂಗಳ ಅನ್ನುತ್ತಾರೆ, ಆದರೆ 2022ರಲ್ಲಿ ಬ್ರಿಡ್ಜ್‌ಪೋರ್ಟ್‌ನಲ್ಲಿ ಒಂದನೇ ಶ್ರೇಯಾಂಕದ ಎನ್‌ಸಿ ಸ್ಟೇಟ್ ಆಡಬೇಕಾದದ್ದು ಕನೆಕ್ಟಿಕಟ್ ತಂಡದ ವಿರುದ್ಧ, ಕನೆಕ್ಟಿಕಟ್ ರಾಜ್ಯದೊಳಗೇ. ಎರಡು ಓವರ್‌ಟೈಮ್ ಆಡಿ ಎನ್‌ಸಿ ಸ್ಟೇಟ್ ಸೋತಿತು. ನಮ್ಮಲ್ಲಿ ಆತಿಥೇಯರಿಗೆ ಅಂಥ ಹಕ್ಕೇನೂ ಇಲ್ಲ. ಹಾಗಾಗಿ ಡ್ರಾ ಎಲ್ಲ ಮ್ಯಾನೇಜರುಗಳ ಎದುರೇ ಎತ್ತಿಸಿ, ಆತಿಥೇಯರ ಪಂದ್ಯಕ್ಕೆ ಆತಿಥೇಯ ಕಾಲೇಜಿನವರನ್ನು ಸ್ಕೋರ್, ಸಮಯ ನೋಡುವ ಟೇಬಲ್‌ಗೆ ಕೂರಿಸಬೇಡಿ.

ಚೆಂಡು ಮರೆಯಬೇಡಿ: 6ನೇ ನಂಬರ್. ಸ್ಟೋರಿನಲ್ಲಿ ಹುಡುಗರ 7 ಇದೆ ಅಂತ ಅದನ್ನೇ ತರುತ್ತಾರೆ. ದರ್ಜಿ ಟೇಪಿನಲ್ಲಿ ಸುತ್ತಳತೆ ನೋಡಿ, 72-73 ಸೆಂಟಿಮೀಟರ್ ಇದ್ದರೆ 6, 75 ದಾಟಿದರೆ 7. ಒಳಾಂಗಣಕ್ಕೆ ಮೋಲ್ಟನ್ ಕಾಂಪೊಸಿಟ್ ಚೆನ್ನ, ಅದನ್ನು ಕಾಂಕ್ರೀಟಿಗೆ ಹಾಕಿದರೆ ಹಿಡಿತ ಬೇಗ ಹೋಗುತ್ತದೆ. ಹೊರಗೆ ನಿವಿಯಾ, ಕಾಸ್ಕೊದ ರಬ್ಬರ್ ಚೆಂಡೇ ಸರಿ. ಯಾವ ಬ್ರ್ಯಾಂಡ್ ಅನ್ನುವುದನ್ನು ಸರ್ಕ್ಯುಲರಿನಲ್ಲೇ ಬರೆಯಿರಿ, ತಂಡಗಳು ಅದರಲ್ಲೇ ಅಭ್ಯಾಸ ಮಾಡಿ ಬರಲಿ. ಗಾಳಿ: 1.8 ಮೀಟರಿನಿಂದ ಬಿಟ್ಟರೆ ಚೆಂಡಿನ ತಲೆ 1.2 ಮತ್ತು 1.4ರ ನಡುವೆ ಏಳಬೇಕು. ನಾಲ್ಕು ನೆಟ್ ಹೆಚ್ಚಿಗೆ ತನ್ನಿ, ಕಟ್ಟಲು ಏಣಿ ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.