ಓದುಗರ ಪ್ರಶ್ನೆ: ಹಳೆಯ ಹತ್ತರಿ ಯಂತ್ರಗಳಲ್ಲಿ ಯಾವುದು ಮೇಲು?

ಪ್ರಶ್ನೆ: ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿರುವ ನಾನು ಬಿಡುವಿನಲ್ಲಿ ಮರಗೆಲಸ ಮಾಡುತ್ತೇನೆ. ಹಲಗೆಯನ್ನು ಕೈಯಿಂದ ತಳ್ಳಿ ಹತ್ತರಿ ಹೊಡೆಯುವ ಎರಡು ಹಳೆಯ ಜಾಯಿಂಟರ್‌ಗಳು ಇಲ್ಲಿ ಮಾರಾಟಕ್ಕಿವೆ. ಒಂದು 20ನೆಯ ಶತಮಾನದ ಆರಂಭದ್ದು. ಅದಕ್ಕೆ ಚೌಕನೆಯ ಕಟರ್ ಬ್ಲಾಕ್ ಮತ್ತು ಬ್ಯಾಬಿಟ್ ಬೇರಿಂಗ್ ಇವೆ. 1940ರ ದಶಕದ ಇನ್ನೊಂದಕ್ಕೆ ದುಂಡನೆಯ ಬ್ಲಾಕ್ ಮತ್ತು ಬಾಲ್ ಬೇರಿಂಗ್ ಇವೆ. ಹಳೆಯದರ ತೂಕವೂ ಅಂದವೂ ಹೆಚ್ಚು. ಯಾವುದನ್ನು ಕೊಳ್ಳಲಿ?

ಉತ್ತರ: ಕೆಲಸಕ್ಕೆ ಬೇಕಾಗಿದ್ದರೆ ದುಂಡು ಬ್ಲಾಕಿನದನ್ನೇ ಕೊಳ್ಳಿ, ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಚೌಕ ಬ್ಲಾಕ್ ಎಂದರೆ ಬ್ಲೇಡುಗಳನ್ನು ಬೋಲ್ಟ್ ಹಾಕಿ ಬಿಗಿದ ಉಕ್ಕಿನ ದಿಂಡು. ಅದು ತಿರುಗುವಾಗ ಮೂಲೆ ಮೇಜಿನ ಅಂಚಿಗೆ ಹತ್ತಿರ ಬರುತ್ತದೆ, ಮರುಕ್ಷಣವೇ ಚಪ್ಪಟೆ ಮುಖ ಎದುರಾಗಿ ದೊಡ್ಡ ಕಂದಕ ತೆರೆದುಕೊಳ್ಳುತ್ತದೆ. ಹಲಗೆ ಜಾರಿ ಕೈ ಅಲ್ಲಿಗೆ ಬಿದ್ದರೆ ಬೆರಳುಗಳನ್ನು ಒಳಕ್ಕೆ ಎಳೆದುಕೊಂಡುಬಿಡುತ್ತದೆ. ದುಂಡು ಬ್ಲಾಕಿನಲ್ಲಿ ಬ್ಲೇಡಿನ ತುದಿಯಷ್ಟೇ ಹೊರಗಿದ್ದು ಸುತ್ತಲಿನ ಸಂದು ಕಿರಿದಾಗಿಯೇ ಉಳಿಯುವುದರಿಂದ, ಅಪಘಾತವಾದರೂ ಗಾಯ ಅಷ್ಟು ಆಳಕ್ಕೆ ಹೋಗುವುದಿಲ್ಲ. ಬ್ರಿಟನ್ 1922ರ ಮರಗೆಲಸ ಯಂತ್ರಗಳ ನಿಯಮಾವಳಿಯಲ್ಲಿ, ಕೈಯಿಂದ ತಳ್ಳುವ ಇಂಥ ಯಂತ್ರಕ್ಕೆ ದುಂಡು ಬ್ಲಾಕನ್ನೇ ಕಡ್ಡಾಯ ಮಾಡಿತು. ಹಳೆಯದರ ಮೇಲೆ ಮನಸ್ಸಿದ್ದರೆ ಸಂಗ್ರಹಕ್ಕೆಂದು ಕೊಳ್ಳಿ, ಇಲ್ಲವೇ ನುರಿತವರಿಂದ ದುಂಡು ಬ್ಲಾಕ್ ಮಾಡಿಸಿ ಹಾಕಿಸಿ. ಇದ್ದ ಹಾಗೆಯೇ ಮಾತ್ರ ಓಡಿಸಬೇಡಿ.

ಆದರೆ ಬ್ಯಾಬಿಟ್ ಬೇರಿಂಗ್ ಇದೆಯೆಂಬ ಕಾರಣಕ್ಕೆ ಯಾವ ಯಂತ್ರವನ್ನೂ ಕೈಬಿಡಬೇಡಿ. ಐಸಾಕ್ ಬ್ಯಾಬಿಟ್ ಎಂಬವರು 1839ರಲ್ಲಿ ಪೇಟೆಂಟ್ ಪಡೆದ ಈ ಬೇರಿಂಗಿನ ಒಳಪದರ ತವರ, ಆಂಟಿಮನಿ, ತಾಮ್ರ ಕೂಡಿದ ಮೆದು ಲೋಹದ್ದು (ಮುಂದೆ ಸೀಸದ ಮಿಶ್ರಣಗಳೂ ಬಂದವು). ಎಣ್ಣೆ ತಪ್ಪದಿದ್ದರೆ ಅದು ದಶಕಗಟ್ಟಲೆ ಬಾಳುತ್ತದೆ. ಸವೆದರೆ ಅಂಗಡಿ ಅಲೆಯಬೇಕಿಲ್ಲ, ಕರಗಿಸಿ ಮತ್ತೆ ಎರೆದುಕೊಳ್ಳಬಹುದು. ಶಾಫ್ಟಿಗೆ ಲೋಹ ಅಂಟದಂತೆ ಮೇಣದಬತ್ತಿಯ ಮಸಿ ಹಿಡಿಸುತ್ತಾರೆ. ಲೋಹದ ಹದ ನೋಡಲು ಪೈನ್ ಮರದ ಕಡ್ಡಿಯನ್ನು ಅದ್ದುತ್ತಾರೆ. ಕಡ್ಡಿ ಹೊತ್ತಿಕೊಳ್ಳದೆ ಕಂದು ಬಣ್ಣಕ್ಕೆ ತಿರುಗಿದರೆ ಎರೆಯಬಹುದು. ನಾನು ಮೊದಲ ಸಲ ಎರೆದಾಗ, ಲೋಹ ಎರೆಯುವ ಬೀಡಿನ (ಎರಕದ ಕಬ್ಬಿಣದ) ಚಿಪ್ಪನ್ನು ಮುಂಚೆ ಬಿಸಿ ಮಾಡಿರಲಿಲ್ಲ. ಲೋಹ ನಡುದಾರಿಯಲ್ಲೇ ಹೆಪ್ಪುಗಟ್ಟಿ ಪದರಪದರವಾಯಿತು, ಎಲ್ಲವನ್ನೂ ಕೆತ್ತಿ ತೆಗೆದು ಮೊದಲಿನಿಂದ ಎರೆಯಬೇಕಾಯಿತು. ಚಿಪ್ಪಿನಲ್ಲಿ ಒಂದು ಹನಿ ನೀರಿದ್ದರೂ ಕುದಿಲೋಹ ಸಿಡಿಯುತ್ತದೆ. ಸೀಸ ಬೆರೆತಿದ್ದರೆ ಹೊಗೆಯೂ ವಿಷ. ಆದ್ದರಿಂದ ಬಯಲಿನಲ್ಲಿ, ಮುಖಕ್ಕೆ ರಕ್ಷಣೆ ಹಾಕಿಕೊಂಡು ಈ ಕೆಲಸ ಮಾಡಬೇಕು.

ಎರಡನ್ನೂ ಹೋಲಿಸಲು ಹೋಗುವಾಗ ಉದ್ದದ ಉಕ್ಕಿನ ನೇರಪಟ್ಟಿಯೊಂದನ್ನು ಜೊತೆಗೊಯ್ಯಿರಿ. ಅದನ್ನು ಮೇಜಿನ ಮೇಲೆ ಮೂಲೆಯಿಂದ ಮೂಲೆಗೆ ಇಟ್ಟು, ಆಚೆಯಿಂದ ಟಾರ್ಚ್ ಹಿಡಿದು, ಕೆಳಗಿನಿಂದ ಬೆಳಕು ಎಲ್ಲಿ ಹಾಯುತ್ತದೆಂದು ನೋಡಿ. ಬಣ್ಣ ಹೋಗಿದ್ದರೆ, ತುಕ್ಕು ಹಿಡಿದಿದ್ದರೆ ತಿದ್ದಬಹುದು, ತಿರುಚಿದ ಮೇಜನ್ನು ನೇರ ಮಾಡಿಸುವುದು ದುಬಾರಿ. ಬೀಡಿನಲ್ಲಿ ಬಿರುಕಿದ್ದರೆ, ಬಣ್ಣ ಬಳಿದು ಮುಚ್ಚಿದ ಬೆಸುಗೆ ಕಂಡರೆ ಹಿಂದಿರುಗಿ ಬನ್ನಿ.

ಪ್ರಶ್ನೆ: ನಾನು ಕೊಂಡ ಬ್ಯಾಂಡ್ ಸಾ (ಪಟ್ಟಿ ಗರಗಸದ ಯಂತ್ರ) ಮೇಲೆ ಅಚ್ಚಿನಲ್ಲೇ ಮೂಡಿದ ಪೇಟೆಂಟ್ ದಿನಾಂಕವಿದೆ. ಯಂತ್ರ ತಯಾರಾದದ್ದೂ ಅದೇ ವರ್ಷವೇ?

ಉತ್ತರ: ಹಾಗೆ ಹೇಳಲು ಬಾರದು. ಅದಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ಆ ದಿನಾಂಕದಿಂದ ಗೊತ್ತಾಗುತ್ತದೆ, ಏಕೆಂದರೆ ಒಂದೇ ಅಚ್ಚಿನಿಂದ ವರ್ಷಗಟ್ಟಲೆ ಎರಕ ಹೊಯ್ಯುತ್ತಿದ್ದರು. ಅಮೆರಿಕದಲ್ಲಿ ದಿನಾಂಕದ ಬದಲು ಪೇಟೆಂಟ್ ಸಂಖ್ಯೆ ನಮೂದಿಸುವ ನಿಯಮ 1927ರಲ್ಲಿ ಬಂತು; ಬರೀ ದಿನಾಂಕವಿದ್ದರೆ ಆ ಪೇಟೆಂಟ್ ಅದಕ್ಕೂ ಹಿಂದಿನದಿರಬಹುದು. ತಯಾರಕರ ಹೆಸರೂ ಒಂದು ಗಡಿ ಹಾಕಿಕೊಡುತ್ತದೆ: ಡೆಲ್ಟಾ ಶುರುವಾದದ್ದು 1919ರಲ್ಲಿ ಮಿಲ್ವಾಕಿಯಲ್ಲಿ, ವಾಡ್ಕಿನ್ 1897ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಕ್ರಮಸಂಖ್ಯೆ ಬರೆದಿಟ್ಟುಕೊಳ್ಳದೆ ಉಜ್ಜಲು, ಬಣ್ಣ ಬಳಿಯಲು ತೊಡಗಬೇಡಿ.

ಪ್ರಶ್ನೆ: ಊರಿಗೆ ಮರಳುವಾಗ ಇಲ್ಲಿನ ಹಳೆಯ ಯಂತ್ರವನ್ನು ಮೈಸೂರಿಗೆ ತಂದರೆ ಅಲ್ಲಿ ಓಡುತ್ತದೆಯೇ?

ಉತ್ತರ: ಮೋಟಾರು ಶಕ್ತಿಯನ್ನು ಹೇಗೆ ದಾಟಿಸುತ್ತದೆ ಎಂಬುದನ್ನು ಮೊದಲು ನೋಡಿ. ಅಮೆರಿಕದ ವಿದ್ಯುತ್ತಿನ ಆವರ್ತನ 60 ಹರ್ಟ್ಸ್, ನಮ್ಮದು 50; ಆವರ್ತನ ಇಳಿದರೆ ಮೋಟಾರಿನ ವೇಗವೂ ಇಳಿಯುತ್ತದೆ. ಬೆಲ್ಟ್ ಹಾಕಿದ ಯಂತ್ರವಾದರೆ ಮೈಸೂರಿನಲ್ಲೇ ಮೋಟಾರು ಬದಲಿಸಿ, ಮೋಟಾರಿನ ಪುಲ್ಲಿಯನ್ನು ಐದಿಂಚಿನ ಜಾಗದಲ್ಲಿ ಆರಿಂಚಿನದಾಗಿಸಿದರೆ ಹಳೆಯ ವೇಗವೇ ಬರುತ್ತದೆ. ಕಟರ್ ಬ್ಲಾಕಿನ ಶಾಫ್ಟಿಗೇ ಮೋಟಾರು ಸುತ್ತಿದ್ದರೆ ಪುಲ್ಲಿಯ ಉಪಾಯ ನಡೆಯದು; ನಿಮಿಷಕ್ಕೆ 3600 ಸುತ್ತಿನ ಲೆಕ್ಕದ್ದು 3000ಕ್ಕೆ ಇಳಿದು ಹಲಗೆಯ ಮೈ ಒರಟಾಗುತ್ತದೆ. ಅಂಥದ್ದಕ್ಕೆ ಆವರ್ತನವನ್ನು ಬದಲಿಸಿ ಕೊಡುವ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ ಬೇಕು, ಅದನ್ನು ಜೋಡಿಸುವ ಮುನ್ನ ಹಳೆಯ ವೈಂಡಿಂಗಿನ ಇನ್ಸುಲೇಷನ್ ಪರೀಕ್ಷೆಯಾಗಬೇಕು. ಬ್ರಿಟನ್ನಿನದೂ 50 ಹರ್ಟ್ಸ್ ಆದ್ದರಿಂದ ಅಲ್ಲಿಂದ ತರುವವರಿಗೆ ಈ ತೊಡಕು ಕಡಿಮೆ. ಆದರೂ ರಾಷ್ಟ್ರೀಯ ಗ್ರಿಡ್ ಬರುವ ಮುಂಚೆ ಅಲ್ಲಿಯೂ ಒಂದೊಂದು ಊರಿಗೆ ಒಂದೊಂದು ಆವರ್ತನವಿತ್ತು. ಹಳೆಯ ಮೋಟಾರಿನ ಫಲಕದ ಮೇಲಿನ ಕೊಳೆ ಒರೆಸಿ, 50 ಎಂದೇ ಬರೆದಿದೆಯೇ ಎಂದು ಓದಿಕೊಂಡ ಮೇಲೆ ಹಣ ಕೊಡಿ.