ಹಲ್ಲು ಕಡಿಯುವ ಗಂಡ, ಹಾಲ್‌ನಲ್ಲಿ ಮಲಗುವ ಹೆಂಡತಿ

ನಾನು ಆಪ್ತಸಲಹೆಗಾರ್ತಿ. ನಿದ್ದೆಯಲ್ಲಿ ಹಲ್ಲು ಕಡಿಯುವವರು, ದಂತವೈದ್ಯರು ಕಳುಹಿಸಿದರೆಂದು ನನ್ನ ಬಳಿ ಬರುವುದು ಇತ್ತೀಚೆಗೆ ಹೆಚ್ಚಾಗಿದೆ. ಎಲ್ಲರಿಗೂ ಸಿಕ್ಕಿರುವ ಸಲಹೆ ಒಂದೇ: ‘ಟೆನ್ಷನ್ ಕಡಿಮೆ ಮಾಡಿಕೊಳ್ಳಿ.’ ಹೇಗೆಂದು ಮಾತ್ರ ಯಾರೂ ಹೇಳಿರುವುದಿಲ್ಲ. ಅಂಥವರಲ್ಲಿ ಒಬ್ಬರ ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರು ಹೊಸೂರು ರಸ್ತೆ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ವಯಸ್ಸು ನಲವತ್ತರ ಆಸುಪಾಸು. ಮನೆ ಸಾಲದ ಕಂತು, ಶಿಪ್‌ಮೆಂಟ್ ಗಡುವು, ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ದಾಟುವ ಪಾಡು. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ದವಡೆ ಹಲ್ಲೊಂದು ಬಿರುಕು ಬಿಟ್ಟು ಕ್ಯಾಪ್ ಹಾಕಿಸಿಕೊಂಡಿದ್ದರು. ಏಳುವಾಗಲೇ ಕಣತಲೆ ನೋವು. ಜಂತುಹುಳುವಿನ ಕಾಟವೆಂದು ತಾಯಿ ಮಾತ್ರೆ ನುಂಗಿಸಿದ್ದೂ ಆಗಿತ್ತು. ಹಲ್ಲು ಕಡಿಯುವ ಸದ್ದಿಗೆ ಹೆಂಡತಿ ಮಗಳನ್ನು ಕರೆದುಕೊಂಡು ಹಾಲ್‌ನಲ್ಲಿ ಮಲಗುತ್ತಿದ್ದರು.

ಎರಡನೆಯ ಭೇಟಿಗೆ ಆಕೆಯೂ ಬಂದರು. ಕುಳಿತವರೇ, “ಇದು ನನ್ನ ಮೇಲಿನ ಸಿಟ್ಟು ಮೇಡಂ. ಹಗಲಿನಲ್ಲಿ ಬಾಯಿ ಬಿಡುವುದಿಲ್ಲ, ರಾತ್ರಿ ಹೀಗೆ ತೀರಿಸಿಕೊಳ್ಳುತ್ತಾರೆ” ಎಂದರು. ಯಾವುದೋ ವಿಡಿಯೊದಲ್ಲಿ ಹಾಗೆ ಕೇಳಿದ್ದರಂತೆ. ಗಂಡ ತಲೆ ತಗ್ಗಿಸಿದರು. ಮಾಡದ ತಪ್ಪನ್ನು ಒಪ್ಪಿಕೊಳ್ಳಲೂ ಸಿದ್ಧರಿದ್ದಂತೆ ಕಂಡಿತು.

ಅಷ್ಟರಲ್ಲಿ ಅವರ ಮೊಬೈಲ್ ಕಂಪಿಸಿತು. ಕಾರ್ಖಾನೆಯ ವಾಟ್ಸ್ಆ್ಯಪ್ ಗುಂಪು. ಕ್ಷಮೆ ಕೇಳಿ ಓದತೊಡಗಿದರು. ಕಿವಿಯ ಕೆಳಗೆ, ಕೆನ್ನೆಯ ಹಿಂಭಾಗದಲ್ಲಿ, ಅಡಿಕೆ ಗಾತ್ರದ ಗಂಟೊಂದು ಏಳುತ್ತಿತ್ತು, ಇಳಿಯುತ್ತಿತ್ತು.

“ನೋಡಿ, ಅದೇ! ಊಟಕ್ಕೆ ಕುಳಿತು ಮೊಬೈಲ್ ನೋಡುವಾಗಲೂ ಹೀಗೆಯೇ” ಎಂದರು ಹೆಂಡತಿ.

“ಏನು?” ಎಂದರು ಗಂಡ. ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ. ಬೆರಳುಗಳನ್ನು ಕೆನ್ನೆಯ ಮೇಲಿಟ್ಟು ಇನ್ನೊಮ್ಮೆ ಸಂದೇಶ ಓದುವಂತೆ ಹೇಳಿದೆ. ಓದಿದರು. ಬೆರಳಿನಡಿ ಸ್ನಾಯು ಬಿಗಿದದ್ದು ಗೊತ್ತಾಗಿ ಅವರಿಗೇ ನಗು ಬಂತು. ಹೆಂಡತಿ ನಗಲಿಲ್ಲ, “ಹಾಗಾದರೆ ನನ್ನ ಮೇಲಲ್ಲವೇ?” ಎಂದು ಕೇಳಿದರು.

ಅಲ್ಲ ಎಂದೆ. ನಿದ್ದೆ ಕೆಲವು ಕ್ಷಣ ಹಗುರಾಗಿ, ಎದೆಬಡಿತ ತುಸು ಏರಿ, ಅದರ ಬೆನ್ನಿಗೇ ದವಡೆಯ ಸ್ನಾಯು ಬಿಗಿಯುವುದು ಹೀಗೆ ಹಲ್ಲು ಕಡಿಯುವ ಹೆಚ್ಚಿನವರಲ್ಲಿ ನಡೆಯುವ ಕ್ರಮ. ಒತ್ತಡದಂತೆಯೇ ಕಾಫಿ, ಮದ್ಯ, ಸಿಗರೇಟು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಇದನ್ನು ಹೆಚ್ಚಿಸಬಹುದು. ಆ ಸದ್ದಿನಲ್ಲಿ ಸಂದೇಶ ಹುಡುಕುವುದನ್ನು ನಾನು ಒಪ್ಪುವುದಿಲ್ಲ. ದಂಪತಿಗಳ ನಡುವೆ ಜಗಳವಿದ್ದರೆ ಅದನ್ನು ಇಬ್ಬರೂ ಎಚ್ಚರವಿದ್ದಾಗ ಮಾತನಾಡಬೇಕು. ಇವರಲ್ಲೂ ಇತ್ತು, ಊರಿನ ಜಮೀನಿನ ವಿಷಯಕ್ಕೆ. ಅದಕ್ಕೆ ಬೇರೆ ದಿನ ಕೊಟ್ಟೆ.

ಸಲಹೆ ಸರಳವಾಗಿತ್ತು. ತುಟಿ ಮುಚ್ಚಿರಲಿ, ಹಲ್ಲುಗಳು ಬಿಟ್ಟಿರಲಿ. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಾಗುವ ಕೆಲಸವಿಲ್ಲ. ಮೊಬೈಲ್ ಕಂಪಿಸಿದಾಗಲೆಲ್ಲ ಮೊದಲು ದವಡೆ ಸಡಿಲಿಸಿ, ಆಮೇಲೆ ಓದಿ. ರಾತ್ರಿ ಊಟದ ನಂತರದ ಕಾಫಿ ಬೇಡ. ದಂತವೈದ್ಯರು ಹೇಳಿದ್ದ ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚ, ಮಾಡಿಸಿಕೊಳ್ಳಿ. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲನ್ನು ಕಾಯುತ್ತದೆ. ಹಲ್ಲಿನ ಹೊರಪದರವಾದ ಎನಾಮೆಲ್ ಸವೆದರೆ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಆ ಖರ್ಚು ದಂಡವಲ್ಲ. ಹಗಲಿನ ಬಿಗಿತ ಬಿಟ್ಟರೆ ರಾತ್ರಿಯದೂ ನಿಂತೇ ಬಿಡುತ್ತದೆ ಎಂಬ ಭರವಸೆಯನ್ನು ಮಾತ್ರ ಕೊಡಲಿಲ್ಲ.

“ಮೂಲ ಬಿಟ್ಟು ದವಡೆ ಹಿಡಿದಿರಿ” ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಸಾಲದ ಕಂತು ಕಟ್ಟುವವನಿಗೆ ಒತ್ತಡ ಬಿಡು ಎಂದರೆ, ಅವನು ಸೋಲುವ ಕೆಲಸಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಿದಂತೆ. ಕೆಲಸ ಬಿಡುವ ಮಾತನ್ನು ಅವರೇ ಎತ್ತಿದ್ದರೆ ಕೇಳುತ್ತಿದ್ದೆ. ಎತ್ತಲಿಲ್ಲ. ಕೈಗೆ ಸಿಕ್ಕ ಸ್ನಾಯುವಿನಿಂದ ಶುರು ಮಾಡುವುದೇ ವಾಸಿ ಎಂಬುದು ನನ್ನ ನಿಲುವು.

ಹೊರಡುವಾಗ ಹೆಂಡತಿ ಇನ್ನೊಂದು ಮಾತು ಹೇಳಿದರು: “ಗೊರಕೆ ಮಧ್ಯದಲ್ಲಿ ನಿಂತುಹೋಗುತ್ತದೆ, ಆಮೇಲೆ ಉಸಿರು ಎಳೆದುಕೊಳ್ಳುತ್ತಾರೆ.” ಇದು ಆಪ್ತಸಲಹೆಯ ವ್ಯಾಪ್ತಿಗೆ ಬರುವ ವಿಷಯವೇ ಅಲ್ಲ. ನಿದ್ದೆಯಲ್ಲಿ ಉಸಿರು ತಡೆಯುವ ತೊಂದರೆ ಇರುವವರಲ್ಲೂ ಹಲ್ಲು ಕಡಿಯುವುದು ಕಾಣಿಸಿಕೊಳ್ಳಬಹುದು. ವೈದ್ಯರಿಗೆ ಪತ್ರ ಬರೆದುಕೊಟ್ಟೆ. ನಿದ್ರಾ ಪರೀಕ್ಷೆಗೆ ದಿನ ಗೊತ್ತಾಗಿದೆ. ಕಣತಲೆ ನೋವು ಕಡಿಮೆಯಾಗಿದೆಯಂತೆ. ಹಲ್ಲಿನ ಸದ್ದು ಇನ್ನೂ ಇದೆ, ಹೆಂಡತಿ ಇನ್ನೂ ಹಾಲ್‌ನಲ್ಲೇ ಮಲಗುತ್ತಾರೆ, ಆದರೆ ಈಗ ಅದು ನಿದ್ದೆಗಾಗಿ ಮಾತ್ರ.